ಹಳೆಯ ಲ್ಯಾಪ್‌ಟಾಪಿನ ವೈಫೈ ಎಲ್ಲಿ ಹೋಯಿತು?

ಸಾಂಗ್ಲಿ ಜಿಲ್ಲೆಯ ಜತ್ತ ತಾಲೂಕಿನ ಕುಣಿಕೋಣೂರದಂಥ ಊರಿಗೆ ಲ್ಯಾಪ್‌ಟಾಪು ಹೆಚ್ಚಾಗಿ ಸುತ್ತುದಾರಿಯಲ್ಲೇ ಬರುತ್ತದೆ. ಮೊದಲು ಅದು ಪುಣೆಯದೋ ಬೆಂಗಳೂರಿನದೋ ಒಂದು ಕಂಪನಿಯಲ್ಲಿ ನಾಲ್ಕೈದು ವರ್ಷ ದುಡಿದಿರುತ್ತದೆ. ಕಂಪನಿ ಹೊಸದನ್ನು ತರಿಸಿದಾಗ ಹಳೆಯವು ಲಾಟಿನಲ್ಲಿ ಮಾರಾಟವಾಗಿ ಸೆಕೆಂಡ್ ಹ್ಯಾಂಡ್ ಅಂಗಡಿ ಸೇರುತ್ತವೆ. ಅಲ್ಲಿಂದ ಯಾರೋ ಅಣ್ಣ, ಯಾರೋ ಸೋದರಮಾವ ಕೊಳ್ಳುತ್ತಾನೆ. ತಾನೂ ಕೆಲವು ವರ್ಷ ಬಳಸಿ, ಊರಲ್ಲಿ ಓದುತ್ತಿರುವ ತಂಗಿಗೋ ಅಳಿಯನಿಗೋ ಕೊಡುತ್ತಾನೆ. ಆ ಹೊತ್ತಿಗೆ ಯಂತ್ರಕ್ಕೆ ಎಂಟು ಹತ್ತು ವರ್ಷ ವಯಸ್ಸು. ಸ್ಕ್ರೀನು ಚೆನ್ನಾಗಿದೆ, ಕೀಬೋರ್ಡು ಓಡುತ್ತದೆ, ಬ್ಯಾಟರಿ ಮಾತ್ರ ಅರ್ಧ ತಾಸು. ಅಷ್ಟರಲ್ಲಿ ಒಂದು ದಿನ ಮನೆಯೊಳಗಿಂದ ದೂರು ಬರುತ್ತದೆ: ‘ಅಣ್ಣಾ, ವಾಯಫಾಯ್ ಬರವಲ್ದು ನೋಡೋ. ನಿನ್ನಿ ತನಕಾ ಇತ್ತು.’

ನಗರದಲ್ಲಿ ಇದೊಂದು ಚಿಕ್ಕ ತೊಂದರೆ. ಗಡಿಯ ಊರಿನಲ್ಲಿ ಹಾಗಲ್ಲ. ಜತ್ತ ತಾಲೂಕಿನಲ್ಲಿ ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳಿವೆ. ಇಲ್ಲಿಯ ಮಕ್ಕಳಿಗೆ ಮುಂದಿನ ಓದಿನ ದಾರಿ ಎರಡು ರಾಜ್ಯಗಳ ಕಡೆಗೂ ಹೋಗುತ್ತದೆ. ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗರಿಗೆ ಇರುವ ಅವಕಾಶದಲ್ಲಿ ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರಗಳ ಜೊತೆ ಜತ್ತ ತಾಲೂಕಿನ ಹೆಸರೂ ಇದೆ. ಆ ಅರ್ಜಿಯೂ ಆನ್‌ಲೈನು, ಮಹಾರಾಷ್ಟ್ರದ ಸ್ಕಾಲರ್‌ಶಿಪ್ಪಿನ ಅರ್ಜಿಯೂ ಆನ್‌ಲೈನು. ಫೋಟೋ ಇಷ್ಟೇ ಕೆಬಿ ಇರಬೇಕು, ಸಹಿ ಅಷ್ಟೇ ಕೆಬಿ ಇರಬೇಕು ಎನ್ನುವ ಕೆಲಸ ಸಣ್ಣ ಫೋನಿನಲ್ಲಿ ಮಾಡುವುದು ಎಷ್ಟು ಕಷ್ಟವೆಂದು ಮಾಡಿದವರಿಗೇ ಗೊತ್ತು. ರಿಪೇರಿ ಅಂಗಡಿಗಾಗಿ ಜತ್ತಕ್ಕೋ ವಿಜಯಪುರಕ್ಕೋ ಸಾಂಗ್ಲಿಗೋ ಒಂದು ದಿನ ಹೋಗಬೇಕು. ಅಲ್ಲಿ ‘ಬೋರ್ಡ್ ಹೋಗ್ಯಾದ’ ಎಂದು ಹೇಳಿಸಿಕೊಂಡು ಬಂದ ಎಷ್ಟೋ ಯಂತ್ರಗಳಲ್ಲಿ ಬೋರ್ಡು ಹೋಗಿರುವುದಿಲ್ಲ. ಈ ಅಧ್ಯಾಯ ಬರೆಯುವುದಕ್ಕೆ ಕಾರಣವೇ ಅದು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಊರಲ್ಲಿ ಮಾತಾಡುವ ‘ರೇಂಜು’ ಮೊಬೈಲ್ ಟವರಿನದು. ಟವರಿನಿಂದ ಫೋನಿಗೆ ಬರುವ ರೇಡಿಯೋ ಅಲೆ ಬೇರೆ, ಫೋನಿನ ಹಾಟ್‌ಸ್ಪಾಟಿನಿಂದ ಲ್ಯಾಪ್‌ಟಾಪಿಗೆ ಹೋಗುವ ಅಲೆ ಬೇರೆ. ಮೊದಲನೆಯದು ಕಿಲೋಮೀಟರುಗಟ್ಟಲೆ ಸಾಗಿ ಬರುತ್ತದೆ, ಅದಕ್ಕೆ ಕಂಪನಿಗಳು ಹರಾಜಿನಲ್ಲಿ ಹಣ ಕಟ್ಟಿ ತರಂಗಾಂತರ ಕೊಂಡಿರುತ್ತವೆ. ಎರಡನೆಯದು ಮನೆಯೊಳಗಿನ ವ್ಯವಹಾರ, ಯಾರ ಲೈಸೆನ್ಸೂ ಬೇಡ. ಗಡಿಯ ಊರುಗಳಲ್ಲಿ ಫೋನು ಕೆಲವೊಮ್ಮೆ ಆಚೆಯ ರಾಜ್ಯದ ಟವರನ್ನು ಹಿಡಿದುಕೊಳ್ಳುತ್ತದೆ. ಒಂದು ಕಾಲಕ್ಕೆ ಅದರಿಂದ ರೋಮಿಂಗ್ ದುಡ್ಡು ಹೋಗುತ್ತಿತ್ತು, ಈಗ ಹೋಗುವುದಿಲ್ಲ. ಆದರೆ ಫೋನು ಯಾವ ಟವರನ್ನು ಹಿಡಿದರೂ ಲ್ಯಾಪ್‌ಟಾಪಿನ ವೈಫೈಗೆ ಅದರಿಂದ ಏನೂ ಆಗುವುದಿಲ್ಲ. ಫೋನಿನಲ್ಲಿ ನೆಟ್ ಓಡುತ್ತಿದ್ದು ಲ್ಯಾಪ್‌ಟಾಪಿನಲ್ಲಿ ಇಲ್ಲವೆಂದರೆ ದೋಷ ಆ ನಾಲ್ಕಡಿ ದಾರಿಯಲ್ಲಿದೆ, ಇಲ್ಲವೇ ಯಂತ್ರದೊಳಗಿದೆ.

ಮೀರಜ ತಾಲೂಕಿನ ಮ್ಹೈಸಾಳದಲ್ಲಿ ಕೃಷ್ಣೆಯ ನೀರನ್ನೆತ್ತಿ ಹಂತಹಂತವಾಗಿ ಪಂಪು ಮಾಡುತ್ತ ಕವಠೆಮಹಾಂಕಾಳ, ಜತ್ತದ ಬರದ ನೆಲದ ಕಡೆಗೆ ತರುವ ಏತ ನೀರಾವರಿ ಇಲ್ಲಿಯ ಎಲ್ಲರಿಗೂ ಗೊತ್ತು. ಕಾಲುವೆಯ ಕೊನೆಯಲ್ಲಿ ನೀರಿಲ್ಲವೆಂದು ಯಾರೂ ನದಿ ಬತ್ತಿತು ಅನ್ನುವುದಿಲ್ಲ; ಯಾವ ಹಂತದ ಪಂಪು ನಿಂತಿದೆ ಎಂದು ಕೇಳುತ್ತಾರೆ. ವೈಫೈಗೂ ಹಾಗೆಯೇ ಕೇಳಬೇಕು. ಟಾಸ್ಕ್‌ಬಾರಿನಲ್ಲಿ ವೈಫೈ ಚಿಹ್ನೆಯೇ ಇಲ್ಲವೆ? ಚಿಹ್ನೆ ಇದ್ದು ನೆಟ್‌ವರ್ಕುಗಳ ಪಟ್ಟಿ ಖಾಲಿಯೆ? ಪಟ್ಟಿಯಲ್ಲಿ ಬೇರೆಯವರ ಹೆಸರಿದ್ದು ನಮ್ಮ ಫೋನಿನದು ಮಾತ್ರ ಇಲ್ಲವೆ? ಕನೆಕ್ಟ್ ಆಗಿಯೂ ಏನೂ ತೆರೆಯುವುದಿಲ್ಲವೆ? ಈ ನಾಲ್ಕೂ ಬೇರೆಬೇರೆ ರೋಗಗಳು. ಒಂದರ ಔಷಧ ಇನ್ನೊಂದಕ್ಕೆ ನಾಟುವುದಿಲ್ಲ.

ಚಿಹ್ನೆಯೇ ಇಲ್ಲದಿದ್ದರೆ ಮೊದಲು ಸ್ವಿಚ್ಚು ನೋಡಬೇಕು. 2003ರ ಮಾರ್ಚಿನಲ್ಲಿ ಇಂಟೆಲ್ ಕಂಪನಿ ಸೆಂಟ್ರಿನೊ ಎಂಬ ಹೆಸರಿನಲ್ಲಿ ವೈಫೈಯನ್ನು ಲ್ಯಾಪ್‌ಟಾಪಿನ ಹೊಟ್ಟೆಯೊಳಗೇ ಇಟ್ಟು ಮಾರತೊಡಗಿತು. ವಿಮಾನದಲ್ಲಿ ಕೂತವರು ರೇಡಿಯೋ ನಿಂತಿದೆ ಎಂದು ಖಾತರಿ ಮಾಡಿಕೊಳ್ಳಬೇಕಿತ್ತು. ಆದ್ದರಿಂದ ಆ ಕಾಲದ ಎಷ್ಟೋ ಲ್ಯಾಪ್‌ಟಾಪುಗಳ ಮುಂದಿನ ಅಥವಾ ಪಕ್ಕದ ಅಂಚಿನಲ್ಲಿ ಒಂದು ಸಣ್ಣ ಜಾರು ಸ್ವಿಚ್ಚು ಇಟ್ಟರು. ಚೀಲದೊಳಗೆ ಇಡುವಾಗ ಅದು ತಾನಾಗಿ ಜಾರುತ್ತದೆ, ಮಾಲೀಕನಿಗೆ ಗೊತ್ತೇ ಆಗುವುದಿಲ್ಲ. ಸ್ವಿಚ್ಚು ಇಲ್ಲದ ಮಾದರಿಗಳಲ್ಲಿ ಮೇಲಿನ ಸಾಲಿನ ಒಂದು ಕೀಲಿಯ ಮೇಲೆ ಆಂಟೆನಾದ ಚಿತ್ರವಿರುತ್ತದೆ. ಎಫ್‌ಎನ್ ಕೀಲಿಯೊಡನೆ ಅದನ್ನು ಒತ್ತಬೇಕು.

ಈ ಸ್ವಿಚ್ಚಿನ ಆಜ್ಞೆ ಕಾರ್ಡಿಗೆ ಹೇಗೆ ಮುಟ್ಟುತ್ತದೆ ಎಂಬುದು ನೋಡುವಂಥದ್ದು. ಸುಮಾರು 2006ರಿಂದ 2013ರವರೆಗಿನ ಲ್ಯಾಪ್‌ಟಾಪಿನ ತಳದ ಮುಚ್ಚಳ ಬಿಚ್ಚಿದರೆ ಬೆಂಕಿಪೊಟ್ಟಣದ ಗಾತ್ರದ ಒಂದು ಹಸಿರು ಕಾರ್ಡು ಕಾಣುತ್ತದೆ. ಇದು ಮಿನಿ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡು. ಪೂರ್ತಿ ಗಾತ್ರದ್ದಾದರೆ ಅಗಲ 30 ಮಿಲಿಮೀಟರ್, ಉದ್ದ 51 ಮಿಲಿಮೀಟರ್. ಅದರ ಅಂಚಿನಲ್ಲಿ ಚಿನ್ನದ ಬಣ್ಣದ 52 ಹಲ್ಲುಗಳಿವೆ. ಅವುಗಳಲ್ಲಿ 20ನೆಯ ಹಲ್ಲಿಗೆ ಒಂದೇ ಕೆಲಸ: ಅಲ್ಲಿಯ ವೋಲ್ಟೇಜು ಸೊನ್ನೆಗಿಳಿದರೆ ರೇಡಿಯೋ ಬಂದ್. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಏನು ಹೇಳಿದರೂ ಕಾರ್ಡು ಕೇಳುವುದಿಲ್ಲ. ಹತ್ತು ವರ್ಷದ ಧೂಳು ಸ್ವಿಚ್ಚಿನೊಳಗೆ ಕೂತು, ಅಥವಾ ಸ್ವಿಚ್ಚೇ ಮುರಿದು ಈ ಹಲ್ಲು ಸದಾ ಸೊನ್ನೆಯಲ್ಲೇ ಉಳಿದರೆ, ಎಲ್ಲ ಸರಿಯಿದ್ದೂ ವೈಫೈ ಸತ್ತಂತೆ ಕಾಣುತ್ತದೆ. ಕೈಪಳಗಿದ ರಿಪೇರಿಯವರು ಕಾರ್ಡನ್ನು ಹೊರತೆಗೆದು, ಆ ಒಂದು ಹಲ್ಲಿನ ಮೇಲೆ ಮಾತ್ರ ಸಣ್ಣ ಟೇಪಿನ ಚೂರು ಅಂಟಿಸಿ ಮತ್ತೆ ಕೂರಿಸುತ್ತಾರೆ. ಹಲ್ಲಿನಿಂದ ಹಲ್ಲಿಗೆ 0.8 ಮಿಲಿಮೀಟರ್ ಅಂತರ, ಪಕ್ಕದ ಹಲ್ಲು ಮುಚ್ಚಿಹೋಗದಂತೆ ಅಂಟಿಸುವುದಕ್ಕೆ ಭೂತಗನ್ನಡಿ ಬೇಕು. ಸ್ವಿಚ್ಚಿನ ಮಾತು ಕಾರ್ಡಿಗೆ ತಲುಪುವುದು ನಿಂತ ಕೂಡಲೇ ಕಾರ್ಡು ಎಂದಿನಂತೆ ಕೆಲಸ ಶುರು ಮಾಡುತ್ತದೆ.

ಸ್ವಿಚ್ಚು ಸರಿಯಿದ್ದರೆ ಮುಂದಿನ ಪ್ರಶ್ನೆ: ಕಾರ್ಡು ಇದೆಯೆಂದು ಯಂತ್ರಕ್ಕೆ ಗೊತ್ತಿದೆಯೆ? ಲ್ಯಾಪ್‌ಟಾಪಿನ ಪವರ್ ಬಟನ್ ಒತ್ತಿದ ಕೆಲವೇ ಕ್ಷಣಗಳಲ್ಲಿ ಅದು ತನ್ನೊಳಗಿನ ಒಂದೊಂದು ಜಾಗಕ್ಕೂ ‘ಅಲ್ಲಿ ಯಾರಿದ್ದೀರಿ’ ಎಂದು ಕೇಳುತ್ತದೆ. ಪ್ರತಿ ಕಾರ್ಡೂ ಎರಡು ಸಂಖ್ಯೆ ಹೇಳಬೇಕು: ತಯಾರಿಸಿದ ಕಂಪನಿಯದೊಂದು, ಮಾದರಿಯದೊಂದು. ಇಂಟೆಲ್‌ನ ಕಂಪನಿ ಸಂಖ್ಯೆ 8086. 1978ರಲ್ಲಿ ಆ ಕಂಪನಿಗೆ ಹೆಸರು ತಂದ ಪ್ರೊಸೆಸರಿನ ಸಂಖ್ಯೆ ಅದು. ಅಥೆರಾಸ್‌ನದು 168ಸಿ, ರಿಯಲ್‌ಟೆಕ್‌ನದು 10ಇಸಿ. ಡಿವೈಸ್ ಮ್ಯಾನೇಜರ್ ತೆರೆದರೆ ನಮಗೆ ಕಾಣುವುದು ಈ ಹಾಜರಿ ಪಟ್ಟಿಯೇ. ಅಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಅನಾಮಧೇಯ ಸಾಲಿನ ಮುಂದೆ ಹಳದಿ ಗುರುತಿದ್ದರೆ ಖುಷಿಪಡಬೇಕು. ಕಾರ್ಡು ಬದುಕಿದೆ, ತನ್ನ ಸಂಖ್ಯೆ ಹೇಳಿದೆ, ಅದರ ಭಾಷೆ ಬಲ್ಲ ಡ್ರೈವರು ಮಾತ್ರ ಇಲ್ಲ. ಆ ಸಾಲಿನ ಪ್ರಾಪರ್ಟೀಸ್‌ನಲ್ಲಿ ಹಾರ್ಡ್‌ವೇರ್ ಐಡಿ ನೋಡಿ, ಸಂಖ್ಯೆ ಬರೆದುಕೊಂಡು, ಫೋನಿನಲ್ಲಿ ಅದರ ಡ್ರೈವರ್ ಇಳಿಸಿ, ಕೇಬಲ್ಲಿನ ಮೂಲಕ ಲ್ಯಾಪ್‌ಟಾಪಿಗೆ ಹಾಕಿದರೆ ಮುಗಿಯಿತು. ಲ್ಯಾಪ್‌ಟಾಪ್ ತಯಾರಿಸಿದ ಅಥವಾ ಕಾರ್ಡು ತಯಾರಿಸಿದ ಕಂಪನಿಯ ಜಾಲತಾಣದಿಂದಲೇ ಇಳಿಸಿ. ‘ಎಲ್ಲ ಡ್ರೈವರೂ ಒಂದೇ ಕಡೆ’ ಎನ್ನುವ ತಾಣಗಳನ್ನು ನಾನು ಯಾರಿಗೂ ಹೇಳುವುದಿಲ್ಲ, ಅವುಗಳ ಜೊತೆ ಬೇಡದ ಪ್ರೋಗ್ರಾಮುಗಳೂ ಬರುತ್ತವೆ.

ಪಟ್ಟಿಯಲ್ಲಿ ಕಾರ್ಡಿನ ಸುಳಿವೇ ಇಲ್ಲದಿದ್ದರೆ ಒಂದು ಸುಲಭದ ಉಪಾಯವಿದೆ, ಅದು ಮಂತ್ರದಂತೆ ಕಂಡರೂ ವಿಜ್ಞಾನವೇ. ಲ್ಯಾಪ್‌ಟಾಪ್ ಬಂದ್ ಮಾಡಿ, ಚಾರ್ಜರ್ ಕಿತ್ತು, ಬ್ಯಾಟರಿ ತೆಗೆದು, ಪವರ್ ಬಟನ್ನನ್ನು ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಬೋರ್ಡಿನ ಮೇಲಿನ ಕೆಪಾಸಿಟರುಗಳಲ್ಲಿ ಉಳಿದ ವಿದ್ಯುತ್ತು ಆಗ ಖಾಲಿಯಾಗುತ್ತದೆ. ವೈಫೈ ಕಾರ್ಡು ಕೂಡ ತನ್ನದೇ ಪ್ರೊಸೆಸರು, ತನ್ನದೇ ಪ್ರೋಗ್ರಾಮು ಇರುವ ಸಣ್ಣ ಕಂಪ್ಯೂಟರು. ವೋಲ್ಟೇಜು ಏರುಪೇರಾದಾಗ, ನಿದ್ದೆಗೆ ಹೋಗಿ ಏಳುವಾಗ ಅದು ನಡುವೆ ಸಿಕ್ಕಿಕೊಳ್ಳುವುದುಂಟು. ಸ್ವಲ್ಪ ವಿದ್ಯುತ್ತು ಉಳಿದಿದ್ದರೂ ಅದು ಆ ಸ್ಥಿತಿಯಲ್ಲೇ ಇರುತ್ತದೆ, ಪೂರ್ತಿ ಖಾಲಿಯಾದರೆ ಮೊದಲಿನಿಂದ ಶುರುಮಾಡುತ್ತದೆ. ವಿಂಡೋಸ್ 8ರಿಂದ ಈಚೆಗೆ ‘ಶಟ್‌ಡೌನ್’ ಒತ್ತಿದರೂ ಯಂತ್ರ ಪೂರ್ತಿ ಬಂದ್ ಆಗುವುದಿಲ್ಲ. ಬೇಗ ಏಳಲೆಂದು ತನ್ನ ಒಳಸ್ಥಿತಿಯನ್ನು ಡಿಸ್ಕಿನಲ್ಲಿ ಬರೆದಿಟ್ಟುಕೊಂಡು ಮಲಗುತ್ತದೆ, ಎದ್ದಾಗ ಹಳೆಯ ತಪ್ಪನ್ನೂ ಎತ್ತಿಕೊಂಡು ಏಳುತ್ತದೆ. ಆದ್ದರಿಂದ ಪರೀಕ್ಷೆ ಮಾಡುವಾಗ ‘ರೀಸ್ಟಾರ್ಟ್’ ಒತ್ತುವುದೇ ಸರಿ.

ಇಷ್ಟಕ್ಕೂ ಕಾರ್ಡು ಹಾಜರಿ ಹೇಳದಿದ್ದರೆ? ಇಲ್ಲಿ ಲ್ಯಾಪ್‌ಟಾಪುಗಳ ಚರಿತ್ರೆಯ ಒಂದು ದೊಡ್ಡ ಪ್ರಕರಣ ನೆನೆಯಬೇಕು.

2007ರ ಸುಮಾರಿಗೆ ಎಚ್‌ಪಿ ಕಂಪನಿಯ ಪೆವಿಲಿಯನ್ ಡಿವಿ2000, ಡಿವಿ6000, ಡಿವಿ9000 ಸರಣಿಯ ಕೆಲವು ಲ್ಯಾಪ್‌ಟಾಪುಗಳಲ್ಲಿ ವೈಫೈ ಇದ್ದಕ್ಕಿದ್ದಂತೆ ಕಾಣೆಯಾಗತೊಡಗಿತು. ಡಿವೈಸ್ ಮ್ಯಾನೇಜರಿನಲ್ಲೂ ಕಾರ್ಡಿನ ಹೆಸರಿಲ್ಲ. ಜನ ಕಾರ್ಡು ಬದಲಿಸಿದರು, ವಿಂಡೋಸ್ ಮತ್ತೆ ಹಾಕಿದರು, ಪ್ರಯೋಜನವಾಗಲಿಲ್ಲ. ಹಲವರ ಯಂತ್ರಗಳಲ್ಲಿ ಮುಂದೆ ಸ್ಕ್ರೀನೂ ಕಪ್ಪಾಯಿತು. ವಾರಂಟಿ ಮುಗಿದಿದ್ದರೂ ಇಂಥ ಮಾದರಿಗಳನ್ನು ಉಚಿತವಾಗಿ ರಿಪೇರಿ ಮಾಡುವುದಾಗಿ ಕಂಪನಿ ಪ್ರಕಟಿಸಿತು; ಅದು ಕೊಟ್ಟ ಲಕ್ಷಣಗಳ ಪಟ್ಟಿಯಲ್ಲಿ ವೈಫೈ ಕಾರ್ಡು ಪತ್ತೆಯಾಗದಿರುವುದೂ ಇತ್ತು. 2008ರ ಜುಲೈಯಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಕೆಲವು ಲ್ಯಾಪ್‌ಟಾಪ್ ಚಿಪ್ಪುಗಳ ಜೋಡಣೆಯಲ್ಲಿ ಬಳಸಿದ ಸಾಮಗ್ರಿ ದುರ್ಬಲವಾಗಿತ್ತೆಂದು ಒಪ್ಪಿಕೊಂಡು, ಅದಕ್ಕಾಗಿ 15ರಿಂದ 20 ಕೋಟಿ ಡಾಲರು ತೆಗೆದಿಟ್ಟಿತು.

ಚಿಪ್ಪಿನ ತೊಂದರೆಗೂ ವೈಫೈಗೂ ಏನು ಸಂಬಂಧ? ಸಿಲಿಕಾನಿನ ಚಿಪ್ಪು ನೂರಾರು ಸೂಕ್ಷ್ಮ ಬೆಸುಗೆ ಗುಂಡುಗಳ ಮೇಲೆ ಕೂತಿರುತ್ತದೆ. ಬಿಸಿಯಾದಾಗ ಸಿಲಿಕಾನು ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 3 ಪಾಲು ಹಿಗ್ಗುತ್ತದೆ. ಕೆಳಗಿನ ತಾಮ್ರ-ಪ್ಲಾಸ್ಟಿಕ್ಕಿನ ಹಾಳೆ ಸುಮಾರು 15 ಪಾಲು ಹಿಗ್ಗುತ್ತದೆ. ಎರಡರ ನಡುವೆ ಸಿಕ್ಕ ಗುಂಡು ಪ್ರತಿ ಸಲ ಯಂತ್ರ ಕಾದಾಗಲೂ ಆರಿದಾಗಲೂ ಜಗ್ಗಿಸಿಕೊಳ್ಳುತ್ತದೆ. ಹಾಗೆ ಸಾವಿರಾರು ಸಲ ಆದ ಮೇಲೆ ಕೂದಲೆಳೆಯಷ್ಟು ಬಿರುಕು. ಯಾವ ಗುಂಡು ಮೊದಲು ಬಿಡುತ್ತದೋ ಅದರ ಕೆಲಸ ಮೊದಲು ನಿಲ್ಲುತ್ತದೆ. ಆ ಯಂತ್ರಗಳ ಕೆಲವು ಮಾದರಿಗಳಲ್ಲಿ ವೈಫೈ ಕಾರ್ಡಿನ ಜೊತೆ ಮಾತಾಡುತ್ತಿದ್ದುದೂ ಇದೇ ಬಗೆಯ ಚಿಪ್ಪು. ಕಾರ್ಡು ಗಟ್ಟಿಮುಟ್ಟಾಗಿದ್ದರೂ ಅದರ ಹಾಜರಿ ಕೇಳಿಸಿಕೊಳ್ಳುವವರೇ ಇರಲಿಲ್ಲ.

ಈ ಭೌತವಿಜ್ಞಾನ ಆ ಒಂದು ಸರಣಿಗೆ ಮುಗಿಯುವುದಿಲ್ಲ. ಜತ್ತದ್ದು ಮಳೆನೆರಳಿನ ನೆಲ, ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ಮುಟ್ಟುತ್ತದೆ, ಗಾಳಿಯಲ್ಲಿ ಸದಾ ಧೂಳು. ಪತ್ರಾಸಿನ ಮನೆಯಲ್ಲಿ ಮಧ್ಯಾಹ್ನ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟು ಓಡಿಸಿದರೆ ತಳದ ಗಾಳಿಕಿಂಡಿ ಮುಚ್ಚುತ್ತದೆ; ಒಳಗಿನ ಫ್ಯಾನಿನ ಮುಂದೆ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿದ್ದರೆ ಚಿಪ್ಪಿನ ಬಿಸಿ ಹೊರಹೋಗುವುದೇ ಇಲ್ಲ. ಮುಂಜಾನೆ ತಂಪಿನಲ್ಲಿ ವೈಫೈ ಇದ್ದು, ಯಂತ್ರ ಕಾದ ಮೇಲೆ ಕಾರ್ಡು ಪಟ್ಟಿಯಿಂದಲೇ ಮಾಯವಾಗಿ, ಆರಿದ ಮೇಲೆ ಮತ್ತೆ ಬಂದರೆ ಬೆಸುಗೆಯ ಮೇಲೆ, ಇಲ್ಲವೇ ಸಡಿಲಾದ ಕಾರ್ಡಿನ ಮೇಲೆ ಸಂಶಯಪಡಬೇಕು. ಕಾರ್ಡನ್ನು ಬಿಚ್ಚಿ, ಹಲ್ಲುಗಳನ್ನು ಬಿಳಿ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿ ನೋಡಿ. ಕೆಲವು ಅಂಗಡಿಗಳಲ್ಲಿ ಬಿಸಿಗಾಳಿ ಊದಿ ಚಿಪ್ಪಿನ ಬೆಸುಗೆ ಕರಗಿಸಿ ಕೊಡುತ್ತಾರೆ. ಅದು ಕೆಲವು ವಾರದ ಮಾತು. ಬಿರುಕು ಮತ್ತೆ ಬಾಯಿ ಬಿಡುತ್ತದೆ. ಅದಕ್ಕೆ ದುಡ್ಡು ಹಾಕಬೇಡಿ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ.

ಇನ್ನು ಎರಡನೆಯ ರೋಗ: ಕಾರ್ಡಿದೆ, ಡ್ರೈವರಿದೆ, ಚಿಹ್ನೆಯಿದೆ, ಆದರೆ ಪಟ್ಟಿ ಖಾಲಿ. ಫೋನನ್ನು ಲ್ಯಾಪ್‌ಟಾಪಿಗೆ ತಾಗಿಸಿ ಇಟ್ಟರೆ ಹೆಸರು ಕಾಣುತ್ತದೆ, ಎರಡು ಮಾರು ಸರಿಸಿದರೆ ಹೋಗುತ್ತದೆ. ಇಂಥ ಕಡೆ ತಪ್ಪು ಆಂಟೆನಾದ್ದು. ಆಂಟೆನಾ ಎಲ್ಲಿದೆ ಎಂದು ಕೇಳಿದರೆ ಹೆಚ್ಚಿನವರು ಕೀಬೋರ್ಡಿನ ಕೆಳಗೆ ಎನ್ನುತ್ತಾರೆ. ಅದು ಸ್ಕ್ರೀನಿನ ಸುತ್ತಲಿನ ಪ್ಲಾಸ್ಟಿಕ್ ಚೌಕಟ್ಟಿನೊಳಗೆ, ಹೆಚ್ಚಾಗಿ ಮೇಲಂಚಿನಲ್ಲಿ ಇರುತ್ತದೆ. 2.4 ಗಿಗಾಹರ್ಟ್ಜ್ ಅಲೆಯ ಉದ್ದ ಸುಮಾರು 12.5 ಸೆಂಟಿಮೀಟರ್, ಅದರ ಕಾಲು ಭಾಗ, ಎಂದರೆ ಮೂರು ಸೆಂಟಿಮೀಟರಿನ ಲೋಹದ ಪಟ್ಟಿ ಆಂಟೆನಾಕ್ಕೆ ಸಾಕು. ಅಲ್ಲಿಂದ ಒಂದು ಮಿಲಿಮೀಟರಿಗಿಂತ ತುಸು ದಪ್ಪನೆಯ ಎರಡು ತಂತಿಗಳು, ಒಂದು ಕಪ್ಪು ಒಂದು ಬಿಳಿ, ಸ್ಕ್ರೀನಿನ ಪಕ್ಕದಿಂದ ಇಳಿದು, ಕೀಲಿನ ಅಂದರೆ ಹಿಂಜಿನ ಸಂದಿನಲ್ಲಿ ನುಸುಳಿ, ತಳದ ಕಾರ್ಡಿಗೆ ಬಂದು ಸೇರುತ್ತವೆ. ದಿನಕ್ಕೆ ನಾಲ್ಕು ಸಲ ಲ್ಯಾಪ್‌ಟಾಪ್ ತೆರೆದು ಮುಚ್ಚಿದರೆ ಎಂಟು ವರ್ಷದಲ್ಲಿ ಆ ತಂತಿ ಹನ್ನೊಂದು ಸಾವಿರಕ್ಕೂ ಹೆಚ್ಚು ಸಲ ಮಡಚಿಕೊಂಡಿರುತ್ತದೆ. ಹಿಂಜು ಮುರಿದು, ಅಂಟು ಹಾಕಿಸಿದ ಯಂತ್ರವಾದರೆ ತಂತಿ ಚಿಮಟಿಕೊಂಡಿರುವ ಸಾಧ್ಯತೆ ಬಲು ಹೆಚ್ಚು.

ತಂತಿ ತುಂಡಾದರೂ ಹತ್ತಿರದಿಂದ ಕೇಳಿಸುತ್ತದೆಂಬುದೇ ರೇಡಿಯೋದ ಅಚ್ಚರಿ. ಫೋನು ಬಿಡುವ ವೈಫೈ ಶಕ್ತಿ ಕೆಲವು ಹತ್ತು ಮಿಲಿವಾಟ್. ರಾತ್ರಿ ಹಾಕುವ ಜೀರೋ ಬಲ್ಬಿಗೆ ಹೋಲಿಸಿದರೂ ಏನೂ ಅಲ್ಲ. ಕಾರ್ಡಿಗೆ ಕೇಳಿಸುವ ಅತ್ಯಂತ ಕ್ಷೀಣ ಸಂಕೇತ ಸುಮಾರು ಒಂದು ಪಿಕೋವಾಟ್. ಹೊರಟ ಶಕ್ತಿಯ ಮೂರು ಸಾವಿರ ಕೋಟಿಯಲ್ಲಿ ಒಂದು ಪಾಲು ಎನ್ನಬಹುದು. ಇಷ್ಟು ಚುರುಕು ಕಿವಿಯಿರುವುದರಿಂದ ಆಂಟೆನಾ ಇಲ್ಲದ ಬರಿಯ ಕಾರ್ಡಿನ ತುದಿಯೂ ಒಂದೆರಡು ಅಡಿಯ ಮಾತು ಹಿಡಿಯುತ್ತದೆ.

ಎರಡು ತಂತಿ ಯಾಕೆ ಎಂಬುದಕ್ಕೆ ಬೆಂಗಳೂರಿನ ನಂಟಿರುವ ಒಂದು ಕಥೆಯಿದೆ. ಪೊಳ್ಳಾಚಿಯಲ್ಲಿ ಹುಟ್ಟಿದ ಆರೋಗ್ಯಸ್ವಾಮಿ ಪೌಲ್‌ರಾಜ್ ಭಾರತೀಯ ನೌಕಾಪಡೆಯಲ್ಲಿದ್ದವರು. ಸಮುದ್ರದಾಳದ ಸದ್ದನ್ನು ಅನೇಕ ಕಿವಿಗಳಿಂದ ಒಟ್ಟಿಗೆ ಆಲಿಸಿ ಜಲಾಂತರ್ಗಾಮಿಯನ್ನು ಪತ್ತೆಮಾಡುವ ಸೋನಾರ್ ರೂಪಿಸಿದರು. ಆಮೇಲೆ ಬೆಂಗಳೂರಿನಲ್ಲಿ ರಕ್ಷಣಾ ಇಲಾಖೆಯ ಕೃತಕ ಬುದ್ಧಿಮತ್ತೆ ಮತ್ತು ರೋಬಾಟಿಕ್ಸ್ ಕೇಂದ್ರವನ್ನು ಕಟ್ಟಿದರು. ನೌಕಾಪಡೆ ಬಿಟ್ಟು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ, 1992ರಲ್ಲಿ, ಪುಣೆಯಲ್ಲಿ ಹುಟ್ಟಿದ ಥಾಮಸ್ ಕೈಲಾತ್ ಅವರೊಂದಿಗೆ ಒಂದು ಪೇಟೆಂಟಿಗೆ ಅರ್ಜಿ ಹಾಕಿದರು. ಒಂದೇ ಆವರ್ತನದಲ್ಲಿ, ಒಂದೇ ಹೊತ್ತಿಗೆ, ಹಲವು ಆಂಟೆನಾಗಳಿಂದ ಬೇರೆಬೇರೆ ಮಾಹಿತಿ ಕಳಿಸಿ, ಗೋಡೆಗಳಿಗೆ ಬಡಿದು ಕಲಸಿಹೋದ ಅಲೆಗಳನ್ನು ಆಚೆ ತುದಿಯಲ್ಲಿ ಹಲವು ಆಂಟೆನಾಗಳಿಂದ ಹಿಡಿದು ಗಣಿತದಿಂದ ಬಿಡಿಸಬಹುದು ಎಂಬ ವಿಚಾರ. ಅಲೆ ಗೋಡೆಗೆ ಬಡಿದು ಚದುರುವುದನ್ನು ಅದುವರೆಗೆ ಹೆಚ್ಚಿನವರು ಕಾಟವೆಂದೇ ತಿಳಿದಿದ್ದರು. ಇವರು ಅದನ್ನೇ ದುಡಿಸಿಕೊಂಡರು. ‘ಮೈಮೊ’ ಎಂದು ಹೆಸರಾದ ಈ ವಿದ್ಯೆ 2009ರ 802.11ಎನ್ ವೈಫೈ ಮಾನಕದ ಜೀವಾಳವಾಯಿತು. ಪೌಲ್‌ರಾಜ್ ಅವರಿಗೆ 2010ರಲ್ಲಿ ಪದ್ಮಭೂಷಣ, 2014ರಲ್ಲಿ ಮಾರ್ಕೋನಿ ಪ್ರಶಸ್ತಿ ಬಂತು. ಕುಣಿಕೋಣೂರದ ಮೇಜಿನ ಮೇಲಿರುವ ಹಳೆಯ ಲ್ಯಾಪ್‌ಟಾಪಿನ ಕಪ್ಪು-ಬಿಳಿ ತಂತಿಗಳು ಆ ವಿಚಾರವನ್ನೇ ಹೊತ್ತಿವೆ. ಎರಡರಲ್ಲಿ ಒಂದು ಕಿತ್ತರೆ ವೈಫೈ ಪೂರ್ತಿ ಹೋಗದು, ಮಂದವಾಗುತ್ತದೆ.

ತಂತಿಯ ತುದಿಯಲ್ಲಿ ಸಾಸಿವೆಗಿಂತ ತುಸು ದೊಡ್ಡದಾದ ದುಂಡನೆಯ ಹಿತ್ತಾಳೆ ಬಣ್ಣದ ಕನೆಕ್ಟರಿದೆ. ಕಾರ್ಡಿನ ಮೇಲಿನ ಗುಬುಟಿನ ಮೇಲೆ ಅದನ್ನು ನೇರ ಇಟ್ಟು ಒತ್ತಿದರೆ ‘ಟಕ್’ ಎನ್ನುತ್ತದೆ. ಈ ಜಾತಿಯ ಕನೆಕ್ಟರನ್ನು ತಯಾರಕರು ಸುಮಾರು 30 ಸಲ ಹಾಕಿ ತೆಗೆಯುವುದಕ್ಕಷ್ಟೇ ಮಾಡಿರುತ್ತಾರೆ. ರ‍್ಯಾಮ್ ಹಾಕಲೆಂದೋ ಧೂಳು ಒರೆಸಲೆಂದೋ ತಳ ಬಿಚ್ಚಿದವರ ಕೈತಾಗಿ ಅದು ಕಳಚಿರುವುದೂ ಸಾಮಾನ್ಯ. ಮುಚ್ಚಳ ತೆಗೆದು ನೋಡಿದರೆ ಐದು ಪೈಸೆ ಖರ್ಚಿಲ್ಲದೆ ಸರಿಹೋಗುವ ರೋಗವಿದು.

ಮೂರನೆಯ ರೋಗ ಈಚೆಗೆ ಹೆಚ್ಚಾಗಿದೆ, ಅದರಲ್ಲಿ ಲ್ಯಾಪ್‌ಟಾಪಿನ ತಪ್ಪೇ ಇಲ್ಲ. ಪಕ್ಕದ ಮನೆಯವರ ಹಳೆಯ ಫೋನಿನ ಹಾಟ್‌ಸ್ಪಾಟ್ ಕಾಣುತ್ತದೆ, ತಮ್ಮ ಹೊಸ ಫೋನಿನದು ಕಾಣುವುದಿಲ್ಲ. ಹೊಸ ಫೋನು 5 ಗಿಗಾಹರ್ಟ್ಜಿನಲ್ಲಿ ಮಾತಾಡುತ್ತಿದೆ, ಹಳೆಯ ಕಾರ್ಡಿಗೆ ಆ ಆವರ್ತನವೇ ಕೇಳಿಸದು. ಅಥೆರಾಸ್ ಎಆರ್9285, ಇಂಟೆಲ್ ಸೆಂಟ್ರಿನೊ ವೈರ್‌ಲೆಸ್-ಎನ್ 1000ದಂಥ, ಒಂದು ಕಾಲಕ್ಕೆ ಎಲ್ಲ ಕಡೆ ಇದ್ದ ಕಾರ್ಡುಗಳಿಗೆ 2.4 ಬಿಟ್ಟು ಬೇರೆ ಗೊತ್ತಿಲ್ಲ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಜ್ ಪಟ್ಟಿಯನ್ನು ಲೈಸೆನ್ಸ್‌ಮುಕ್ತ ಮಾಡಿದ್ದು 2005ರ ಜನವರಿಯಲ್ಲಿ. 5 ಗಿಗಾಹರ್ಟ್ಜಿನ ದೊಡ್ಡ ಭಾಗವನ್ನು ಹೊರಾಂಗಣಕ್ಕೂ ಸೇರಿಸಿ ಬಿಟ್ಟುಕೊಟ್ಟಿದ್ದು 2018ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳ ಎಷ್ಟೋ ಅಗ್ಗದ ಲ್ಯಾಪ್‌ಟಾಪುಗಳಲ್ಲಿ 5 ಗಿಗಾಹರ್ಟ್ಜ್ ಇರಲಿಲ್ಲ. ಔಷಧ ಫೋನಿನಲ್ಲೇ ಇದೆ. ಆಂಡ್ರಾಯ್ಡಿನಲ್ಲಿ ಹಾಟ್‌ಸ್ಪಾಟ್ ಸೆಟಿಂಗಿಗೆ ಹೋಗಿ ಬ್ಯಾಂಡನ್ನು 2.4ಕ್ಕೆ ಇಳಿಸಿ, ಐಫೋನಿನಲ್ಲಿ ‘ಮ್ಯಾಕ್ಸಿಮೈಜ್ ಕಂಪ್ಯಾಟಿಬಿಲಿಟಿ’ ಎಂಬುದನ್ನು ಆನ್ ಮಾಡಿ. ಭದ್ರತೆ ಡಬ್ಲ್ಯೂಪಿಎ3 ಎಂದಿದ್ದರೆ ಡಬ್ಲ್ಯೂಪಿಎ2 ಮಾಡಿ, ಹಳೆಯ ಕಾರ್ಡಿಗೆ ಹೊಸದು ಅರ್ಥವಾಗದು.

ಇದರ ಜೊತೆ ಇನ್ನೊಂದು ಸೂಕ್ಷ್ಮ. 2.4ರ ಪಟ್ಟಿಯಲ್ಲಿ ಭಾರತದಲ್ಲಿ 13 ಚಾನಲ್ಲುಗಳಿಗೆ ಅನುಮತಿಯಿದೆ; ಅಮೆರಿಕದ ಯಂತ್ರಗಳು ಸಾಮಾನ್ಯವಾಗಿ 11ಕ್ಕೇ ನಿಲ್ಲುತ್ತವೆ. ಅಲ್ಲಿಯ ಮಾರುಕಟ್ಟೆಗೆಂದು ತಯಾರಾಗಿ ಇಲ್ಲಿಗೆ ಬಂದ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪು ರೂಟರ್ 12 ಅಥವಾ 13ರಲ್ಲಿದ್ದರೆ ಕುರುಡಾಗುತ್ತದೆ. ರೂಟರನ್ನು 1, 6 ಅಥವಾ 11ಕ್ಕೆ ಕಟ್ಟಿಹಾಕಿದರೆ ಸಾಕು. ಇಂಟೆಲ್‌ನ ಹಳೆಯ ಕೆಲವು ಕಾರ್ಡುಗಳಿಗೆ ವೈಫೈ 6ರ ರೂಟರುಗಳು ಕಾಣುತ್ತಲೇ ಇರಲಿಲ್ಲ; ಹೊಸ ಡ್ರೈವರ್ ಹಾಕಿದರೆ ಕಾಣುತ್ತವೆಂದು ಕಂಪನಿಯೇ ತಿಳಿಸಿದೆ.

ಮನೆಯ ಗೋಡೆಯನ್ನೂ ಮರೆಯುವಂತಿಲ್ಲ. ಟವರಿನ ರೇಂಜು ಸಿಗಲೆಂದು ಫೋನನ್ನು ಮಾಳಿಗೆಯ ಮೇಲೆ ಇಟ್ಟು, ಕೆಳಗೆ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂರುವವರಿದ್ದಾರೆ. ಹಳೆಯ ಮನೆಯ ಎರಡಡಿ ದಪ್ಪದ ಮಣ್ಣಿನ ಗೋಡೆ, ಅದೂ ಮಳೆಗಾಲದಲ್ಲಿ ತೇವ ಹೀರಿದಾಗ, ವೈಫೈ ಅಲೆಯನ್ನು ಬಹಳವಾಗಿ ನುಂಗುತ್ತದೆ. ಪತ್ರಾಸು ನುಂಗುವುದಿಲ್ಲ, ಕನ್ನಡಿಯಂತೆ ತಿರುಗಿಸಿ ಕಳಿಸುತ್ತದೆ. ಫೋನನ್ನು ಕಿಟಕಿಯಲ್ಲಿಟ್ಟು, ಅದೇ ಕಿಟಕಿ ಕಾಣುವಂತೆ ಲ್ಯಾಪ್‌ಟಾಪ್ ಇಡುವುದು ಎರಡು ರೇಡಿಯೋಗಳಿಗೂ ಅನುಕೂಲ.

ಕೊನೆಯದು, ಕನೆಕ್ಟ್ ಆಗಿಯೂ ಏನೂ ತೆರೆಯದಿರುವುದು. ಮೊದಲು ತಾರೀಕು ನೋಡಿ. ಬೋರ್ಡಿನ ಮೇಲೆ ಗಡಿಯಾರ ನಡೆಸುವ 3 ವೋಲ್ಟಿನ ನಾಣ್ಯದಂಥ ಸೆಲ್ಲಿದೆ, ಹೆಸರು ಸಿಆರ್2032. ಎಂಟು ಹತ್ತು ವರ್ಷಕ್ಕೆ ಅದು ತೀರಿ, ಯಂತ್ರ ತನ್ನ ತಯಾರಿಯ ಕಾಲದ ತಾರೀಕಿಗೆ ಹಿಂದಿರುಗುತ್ತದೆ. ಬ್ಯಾಂಕು, ಸರಕಾರಿ ಅರ್ಜಿ ಯಾವುದೇ ಸುರಕ್ಷಿತ ತಾಣಕ್ಕೂ ಒಂದು ಪ್ರಮಾಣಪತ್ರವಿರುತ್ತದೆ, ಅದಕ್ಕೆ ಇಂತಿಷ್ಟು ದಿನದ ಅವಧಿ. ಯಂತ್ರದ ಪ್ರಕಾರ ಆ ದಿನ ಇನ್ನೂ ಬಂದೇ ಇಲ್ಲವಾದ್ದರಿಂದ ಬ್ರೌಸರು ಬಾಗಿಲು ಮುಚ್ಚುತ್ತದೆ. ಜನ ಇದನ್ನೂ ವೈಫೈ ದೋಷವೆಂದೇ ತಿಳಿಯುತ್ತಾರೆ. ಸೆಲ್ಲು ಬದಲಿಸುವುದು ಕೆಲವೇ ರೂಪಾಯಿಯ ಕೆಲಸ.

ಇಷ್ಟೆಲ್ಲ ಆಗಿ ಕಾರ್ಡೇ ಸತ್ತಿದೆ ಎಂದು ಖಚಿತವಾದರೂ ಲ್ಯಾಪ್‌ಟಾಪು ಸತ್ತಿಲ್ಲ. ಹೊಸ ಕಾರ್ಡು ಕೊಳ್ಳುವ ಮುನ್ನ ಎಚ್ಚರ: ಕೆಲವು ಹಳೆಯ ಎಚ್‌ಪಿ, ಲೆನೊವೊ ಮಾದರಿಗಳ ಬಯೋಸ್, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ಪ್ರೋಗ್ರಾಮು, ತಾನು ಒಪ್ಪಿದ ಕಾರ್ಡಿನ ಸಂಖ್ಯೆಗಳನ್ನಷ್ಟೇ ಒಳಬಿಡುತ್ತದೆ, ಬೇರೆ ಹಾಕಿದರೆ ಯಂತ್ರ ಏಳುವುದೇ ಇಲ್ಲ. ಯುಎಸ್‌ಬಿಗೆ ಸಿಕ್ಕಿಸುವ ವೈಫೈ ಡಾಂಗಲ್ಲಿಗೆ ಈ ಅಡ್ಡಿಯಿಲ್ಲ, ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅರ್ಜಿಯ ಕೊನೆಯ ದಿನ ನಾಳೆಯೇ ಆಗಿದ್ದರೆ ಡಾಂಗಲ್ಲೂ ಬೇಡ: ಫೋನನ್ನು ಚಾರ್ಜಿಂಗ್ ಕೇಬಲ್ಲಿನಿಂದಲೇ ಲ್ಯಾಪ್‌ಟಾಪಿಗೆ ಜೋಡಿಸಿ, ಫೋನಿನ ಸೆಟಿಂಗಿನಲ್ಲಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಡೇಟಾ ಹರಿಯುವ ಕೇಬಲ್ಲಾಗಿರಬೇಕು. ಬರಿ ಚಾರ್ಜಿಗೆಂದು ಮಾಡಿದ ಅಗ್ಗದ ಕೇಬಲ್ಲಿನಲ್ಲಿ ಡೇಟಾ ಸಾಗಿಸುವ ಎರಡು ತಂತಿಗಳೇ ಇರುವುದಿಲ್ಲ.

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಉಚಿತ ಬೆಂಬಲ ಮುಗಿಯಿತು. ಕಂಪನಿಗಳು ಕೈಬಿಡುವ ವಿಂಡೋಸ್ 10ರ ಲ್ಯಾಪ್‌ಟಾಪುಗಳು ಇನ್ನು ಕೆಲವು ವರ್ಷ ಸೆಕೆಂಡ್ ಹ್ಯಾಂಡ್ ಅಂಗಡಿಗಳಿಗೆ ರಾಶಿಯಾಗಿ ಬರಲಿವೆ. ಲಿನಕ್ಸ್ ಹಾಕಿಕೊಂಡರೆ ಅವು ಓದುವ ಮಕ್ಕಳಿಗೆ ಚೆನ್ನಾಗಿಯೇ ದುಡಿಯುತ್ತವೆ. ಕೊಳ್ಳಲು ಹೋದಾಗ ಹಣ ಎಣಿಸುವ ಮುಂಚೆ ಅಂಗಡಿಯಲ್ಲೇ ನಿಮ್ಮ ಫೋನಿನ ಹಾಟ್‌ಸ್ಪಾಟ್ ಆನ್ ಮಾಡಿ, ಲ್ಯಾಪ್‌ಟಾಪನ್ನು ಹತ್ತು ಹೆಜ್ಜೆ ದೂರ ಒಯ್ದು, ಸ್ಕ್ರೀನನ್ನು ಹಿಂದೆ ಮುಂದೆ ಬಾಗಿಸಿ, ಅರ್ಧ ತಾಸು ಓಡಿಸಿ ಬಿಸಿಯಾದ ಮೇಲೂ ವೈಫೈ ನಿಂತಿದೆಯೇ ಎಂದು ನೋಡಿಯೇ ತೆಗೆದುಕೊಳ್ಳಿ.